ಗುಡ್ಡದಲ್ಲಿ ಬಿಪಿ ಏರಿತೇ, ಲೆಕ್ಕ ಏರಿತೇ? ಕೊಡಗಿನ ಎರಡು ಭಾಗಗಳ ಒಂದು ಪ್ರಕರಣ ಅಧ್ಯಯನ

ಒಂದು ಕಡೆ ಭಾಗಮಂಡಲ, ನಾಪೋಕ್ಲು ಭಾಗದ ಗುಡ್ಡದ ಊರುಗಳು. ಇನ್ನೊಂದು ಕಡೆ ಕುಶಾಲನಗರ, ಹೆಬ್ಬಾಲೆ ಭಾಗದ ಬಯಲು. ಐದು ವರ್ಷದ ಅಂತರದ ಎರಡು ಸುತ್ತಿನಲ್ಲಿ ಎರಡೂ ಕಡೆ 30 ವರ್ಷ ದಾಟಿದ ತಲಾ 1,000 ಜನರ ಬಿಪಿ ನೋಡಲಾಗಿದೆ. ವರದಿ ಬರೆಯಲು ಕೂತಾಗ ಗುಡ್ಡದ ಬಗ್ಗೆ ನಾಲ್ಕು ಅಂಕಿಗಳು ಮುಂದಿವೆ. ಆರೋಗ್ಯ ಕೇಂದ್ರದ ಬಿಪಿ ರಿಜಿಸ್ಟರಿನಲ್ಲಿ 400 ಇದ್ದ ರೋಗಿಗಳು 820 ಆಗಿದ್ದಾರೆ. ತಪಾಸಣೆಯಲ್ಲಿ ಬಿಪಿ ಹೆಚ್ಚಿದ್ದವರ ಪ್ರಮಾಣ ಶೇ. 33.3ರಿಂದ 36.9ಕ್ಕೆ ಹೋಗಿದೆ. ಚಿಕಿತ್ಸೆಯಲ್ಲಿರುವವರ ಪೈಕಿ ಬಿಪಿ ಹತೋಟಿಯಲ್ಲಿರುವವರು ಶೇ. 40ರಿಂದ 27ಕ್ಕೆ ಇಳಿದಿದ್ದಾರೆ. ‘ಹೃದಯಾಘಾತ’ ಎಂದು ಬರೆದ ಸಾವುಗಳು ಒಂದು ವರ್ಷದಲ್ಲಿ 36ರಿಂದ 45ಕ್ಕೆ ಏರಿವೆ. ಬಯಲಿನ ತಪಾಸಣೆಯಲ್ಲಿ ಬಿಪಿ ಹೆಚ್ಚಿದ್ದವರು ಶೇ. 30.6ರಿಂದ 33ಕ್ಕೆ ಬಂದಿದ್ದಾರೆ, ಅಷ್ಟೇ. ಇಷ್ಟನ್ನು ನೋಡಿದ ಯಾರಿಗಾದರೂ ‘ಗುಡ್ಡದವರ ಹೃದಯ ಕೆಡುತ್ತಿದೆ’ ಎಂದು ಬರೆಯಬೇಕು ಅನ್ನಿಸುತ್ತದೆ.

ಈ ಅಂಕಿಗಳು ಯಾವುದೋ ಒಂದು ಕೇಂದ್ರದ್ದಲ್ಲ. ಲೆಕ್ಕದ ದಾರಿ ಸ್ಪಷ್ಟವಾಗಲಿ ಎಂದು ಇಟ್ಟುಕೊಂಡವು. ಸನ್ನಿವೇಶ ಮಾತ್ರ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವಂಥದ್ದೇ. ನಮ್ಮ ಅಭಿಪ್ರಾಯದಲ್ಲಿ ಆ ವಾಕ್ಯವನ್ನು ಈ ನಾಲ್ಕರಲ್ಲಿ ಒಂದು ಅಂಕಿಯೂ ಹೊರಲಾರದು.

ರಿಜಿಸ್ಟರ್ ಎರಡರಷ್ಟಾದದ್ದು

ಇದು ಸುಲಭದ್ದು, ಮೊದಲು ಮುಗಿಸೋಣ. ಕೇಂದ್ರದ ವ್ಯಾಪ್ತಿಯಲ್ಲಿ 12,000 ಜನ, ಅವರಲ್ಲಿ 30 ದಾಟಿದವರು 6,000 ಎಂದುಕೊಳ್ಳಿ. ಮೂರರಲ್ಲಿ ಒಬ್ಬರಿಗೆ ಬಿಪಿ ಇದ್ದರೆ ಸುಮಾರು 2,000 ರೋಗಿಗಳು ಊರಲ್ಲಿ ಇರಲೇಬೇಕು. 400 ಜನ ರಿಜಿಸ್ಟರಿನಲ್ಲಿದ್ದಾಗ ಕೇಂದ್ರಕ್ಕೆ ಗೊತ್ತಿದ್ದದ್ದು ಐದರಲ್ಲಿ ಒಬ್ಬರು. ಈಗ ಐದರಲ್ಲಿ ಇಬ್ಬರು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ 30 ದಾಟಿದವರ ಪಟ್ಟಿ ಮಾಡಿ, ಫಾರಂ ತುಂಬಿ, ಕೇಂದ್ರಕ್ಕೆ ಕಳಿಸಿದ್ದರ ಫಲ ಅದು. ಕೆಟ್ಟ ಸುದ್ದಿಯಂತೆ ಕಾಣುವ ಈ ಅಂಕಿ ಒಳ್ಳೆಯ ಸುದ್ದಿ.

ರಿಜಿಸ್ಟರ್ ಏರಲು ಇನ್ನೊಂದು ಕಾರಣವೂ ಇರುತ್ತದೆ: ಹೆದರಿಕೆ. 2025ರ ಮೇ-ಜೂನ್ ಹೊತ್ತಿಗೆ ಪಕ್ಕದ ಹಾಸನ ಜಿಲ್ಲೆಯಲ್ಲಿ ಹಠಾತ್ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ಸುದ್ದಿಯಾದವು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. 24 ಸಾವುಗಳನ್ನು ಪರಿಶೀಲಿಸಿದ ಸಮಿತಿ, ಅವುಗಳಲ್ಲಿ ಕೆಲವು ಹೃದಯದ ಸಾವುಗಳಲ್ಲ, ಹಿಂದಿಗಿಂತ ಏರಿಕೆಯಾಗಿದೆ ಎನ್ನುವಂತೆಯೂ ಇಲ್ಲ ಎಂದು ವರದಿ ಕೊಟ್ಟಿತು. ಅಷ್ಟರಲ್ಲಿ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮುಂಚೆಯೇ ಸಾಲು ನಿಂತಿದ್ದರು. ಇಂಥ ತಿಂಗಳುಗಳಲ್ಲಿ ಇಸಿಜಿಯ ಸಂಖ್ಯೆ, ಬಿಪಿ ತಪಾಸಣೆಯ ಸಂಖ್ಯೆ, ಹೊಸ ನೋಂದಣಿ ಎಲ್ಲವೂ ಏರುತ್ತವೆ. ಕಾಲಕಾಲದ ಗ್ರಾಫ್ ಹಾಕುವವರು ಆ ತಿಂಗಳುಗಳ ಮೇಲೆ ಒಂದು ಗುರುತು ಹಾಕಿಡಬೇಕು. ಎರಡು ವರ್ಷ ಕಳೆದ ಮೇಲೆ ಆ ಏರಿಕೆ ಯಾಕೆ ಬಂತು ಎಂದು ಯಾರಿಗೂ ನೆನಪಿರುವುದಿಲ್ಲ.

ವಯಸ್ಸಿನ ಆಟ

ಶೇ. 33.3ರಿಂದ 36.9. ಇದು ರಿಜಿಸ್ಟರಿನ ಅಂಕಿಯಲ್ಲ, 1,000 ಜನರ ತೋಳಿಗೆ ಪಟ್ಟಿ ಕಟ್ಟಿ ಅಳೆದದ್ದು. ಇದನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಬೇಕು.

ಗುಡ್ಡದ ಮೊದಲ ಸುತ್ತಿನಲ್ಲಿ 30–44 ವಯಸ್ಸಿನವರು 400, 45–59ರವರು 350, 60 ದಾಟಿದವರು 250. ಬಿಪಿ ಇದ್ದವರು ಕ್ರಮವಾಗಿ ಶೇ. 18, 36, 54. ಅಂದರೆ 72, 126, 135, ಒಟ್ಟು 333. ಎರಡನೇ ಸುತ್ತಿನಲ್ಲಿ 300, 350, 350 ಜನ. ಪ್ರಮಾಣ ಅದೇ ಶೇ. 18, 36, 54. ಗುಣಿಸಿದರೆ 54, 126, 189, ಒಟ್ಟು 369. ಯಾವ ವಯಸ್ಸಿನವರಲ್ಲೂ ಬಿಪಿ ಕಿಂಚಿತ್ತೂ ಏರಿಲ್ಲ. ಏರಿದ್ದು ಅಜ್ಜ-ಅಜ್ಜಿಯರ ಪಾಲು.

ಕೊಡಗಿನ ಗುಡ್ಡದಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. 2001ರಲ್ಲಿ ಜಿಲ್ಲೆಯ ಜನಸಂಖ್ಯೆ 5,48,561, 2011ರಲ್ಲಿ 5,54,519. ಇಡೀ ರಾಜ್ಯ ಶೇ. 15.6ರಷ್ಟು ಬೆಳೆದ ಹತ್ತು ವರ್ಷದಲ್ಲಿ ಕೊಡಗು ಬೆಳೆದದ್ದು ಶೇ. 1.1 ಮಾತ್ರ. ಓದಿದ ಮಕ್ಕಳು ಬೆಂಗಳೂರು, ಮೈಸೂರು ಸೇರುತ್ತಾರೆ, ಸೈನ್ಯಕ್ಕೆ ಹೋಗುತ್ತಾರೆ. ತೋಟದ ಮನೆಯಲ್ಲಿ ಉಳಿಯುವವರು ಹಿರಿಯರು.

ಬಯಲಿನಲ್ಲಿ ಎರಡೂ ಸುತ್ತಿಗೆ 500, 300, 200 ಜನ. ಮೊದಲ ಸುತ್ತಿನ ಪ್ರಮಾಣ ಗುಡ್ಡದ್ದೇ: 18, 36, 54. ಎರಡನೇ ಸುತ್ತಿನಲ್ಲಿ 20, 40, 55. ಒಟ್ಟು 306 ಇದ್ದದ್ದು 330 ಆಯಿತು.

ಎರಡೂ ಕಡೆಯನ್ನು ಒಂದೇ ತಕ್ಕಡಿಯಲ್ಲಿ ತೂಗಲು ಒಂದೇ ವಯಸ್ಸಿನ ಹಂಚಿಕೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಿತ ಜನಸಂಖ್ಯೆಯಲ್ಲಿ 30 ದಾಟಿದವರನ್ನಷ್ಟೇ ತೆಗೆದುಕೊಂಡರೆ 30–44ರ ಪಾಲು ಶೇ. 43.3, 45–59ರದ್ದು 32.4, 60 ಮೇಲ್ಪಟ್ಟವರದ್ದು 24.3. ಪ್ರತಿ ವಯಸ್ಸಿನ ಪ್ರಮಾಣವನ್ನು ಆ ಪಾಲಿನಿಂದ ಗುಣಿಸಿ ಕೂಡಿಸಿದರೆ ಮುಗಿಯಿತು. ಎಕ್ಸೆಲ್‌ನಲ್ಲಿ ಒಂದೇ ಸಾಲಿನ ಕೆಲಸ. ಗುಡ್ಡ ಎರಡೂ ಸುತ್ತಿನಲ್ಲಿ ಶೇ. 32.6. ಬಯಲು 32.6ರಿಂದ 35.0. ಹಾಗೇ ನೋಡಿದಾಗ ಗುಡ್ಡದ ಏರಿಕೆ ದೊಡ್ಡದಾಗಿ ಕಂಡಿತ್ತು, ಹೊಂದಿಸಿದ ಮೇಲೆ ಏರಿಕೆ ಬಯಲಿನ ಕಡೆಗೆ ಹೋಯಿತು. ಅದೂ ಮುಖ್ಯವಾಗಿ 45–59ರ ದುಡಿಯುವ ವಯಸ್ಸಿನವರಲ್ಲಿ.

ಹಾಗೆಂದು ‘ಬಯಲಿನವರ ಹೃದಯ ಕೆಡುತ್ತಿದೆ’ ಎಂದು ಬರೆಯಬಹುದೇ? ಅದೂ ಆಗದು. ತಲಾ 1,000 ಜನರ ಎರಡು ಸುತ್ತನ್ನು ಹೋಲಿಸಿದಾಗ ಶೇ. 4ರಷ್ಟು ಅಂತರ ಬರೀ ಆಯ್ಕೆಯ ಆಕಸ್ಮಿಕದಿಂದಲೇ ಬರಬಹುದು. 2.4 ಅದರೊಳಗೇ ಇದೆ. ಶೇ. 30ರಿಂದ 35ಕ್ಕೆ ಆಗುವ ಬದಲಾವಣೆಯನ್ನು ನಂಬಿಕೆಯಿಂದ ಹಿಡಿಯಲು ಪ್ರತಿ ಭಾಗಕ್ಕೆ, ಪ್ರತಿ ಸುತ್ತಿಗೆ ಸುಮಾರು 1,370 ಜನ ಬೇಕು. ಜನರನ್ನು ಊರೂರಾಗಿ ಗುಂಪಿನಲ್ಲಿ ಆರಿಸುವುದರಿಂದ ಅದನ್ನು ಒಂದೂವರೆ ಪಟ್ಟು ಮಾಡಬೇಕು: 2,060. ನೂರರಲ್ಲಿ 15 ಜನ ಸಿಗುವುದಿಲ್ಲ ಎಂದುಕೊಂಡರೆ ಪಟ್ಟಿಯಲ್ಲಿ 2,400 ಹೆಸರು. ಎರಡು ಭಾಗಕ್ಕೆ 4,800. ಇದಕ್ಕೆ ದುಡ್ಡು, ಜನ ಇಲ್ಲವೆಂದರೆ ತಾಲ್ಲೂಕು ತಾಲ್ಲೂಕಿನ ಹೋಲಿಕೆ ಬಿಟ್ಟು ಇಡೀ ಜಿಲ್ಲೆಯ ಒಂದೇ ಅಂಕಿ ಕೊಡುವುದು ಲೇಸು.

ತೋಳಿಗೆ ಕಟ್ಟಿದ ಪಟ್ಟಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇಲಿನ ಲೆಕ್ಕವೆಲ್ಲ ಅಳತೆ ಸರಿಯಾಗಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ, ಆ ನಂಬಿಕೆ ಕುಸಿಯುವುದು ಅಳೆಯುವ ಆ ಐದು ನಿಮಿಷದಲ್ಲೇ.

ಜನರ ಸರಾಸರಿ ಮೇಲಿನ ಬಿಪಿ 128, ಹರವು (ಸ್ಟ್ಯಾಂಡರ್ಡ್ ಡೀವಿಯೇಷನ್) 18 ಎಂದುಕೊಳ್ಳಿ. 140 ದಾಟಿದವರು ಸುಮಾರು ಶೇ. 25. ಯಂತ್ರವೋ ಅಳೆಯುವ ರೀತಿಯೋ ಎಲ್ಲರಿಗೂ ಬರೀ 3 ಮಿ.ಮೀ. ಹೆಚ್ಚು ತೋರಿಸಿದರೆ ಆ ಪ್ರಮಾಣ ಶೇ. 31 ಆಗುತ್ತದೆ. ಐದು ವರ್ಷದ ‘ರೋಗದ ಏರಿಕೆ’ಯನ್ನು ಒಂದು ಕೆಟ್ಟ ಯಂತ್ರ ಒಂದೇ ಬೆಳಿಗ್ಗೆಯಲ್ಲಿ ಹುಟ್ಟಿಸಬಲ್ಲದು.

ಗುಡ್ಡದ ಮನೆಯೊಂದರಲ್ಲಿ ನಡೆಯುವುದು ಹೀಗೆ. ಆಶಾ ಅಂಗಳಕ್ಕೆ ಬರುತ್ತಿದ್ದಂತೆ ಮನೆಯ ಯಜಮಾನರು ತೋಟದಿಂದ ಏರು ಹತ್ತಿ ಬಂದಿರುತ್ತಾರೆ, ಉಸಿರು ಇನ್ನೂ ಕೂತಿಲ್ಲ. ‘ಮೊದಲು ಕಾಫಿ ಕುಡೀರಿ ಅಕ್ಕ, ಆಮೇಲೆ ನೋಡುವ’ ಎನ್ನುತ್ತಾರೆ, ತಾವೂ ಒಂದು ಲೋಟ ಹಿಡಿಯುತ್ತಾರೆ. ಜಗಲಿಯ ಕಟ್ಟೆಯಲ್ಲಿ ಬೆನ್ನಿಗೆ ಆಸರೆ ಇಲ್ಲ, ಕಾಲು ನೇತಾಡುತ್ತಿದೆ, ತೋಳು ತೊಡೆಯ ಮೇಲೆ. ಸ್ವೆಟರಿನ ಮೇಲೆಯೇ ಪಟ್ಟಿ. ಪಟ್ಟಿ ಉಬ್ಬುತ್ತಿರುವಾಗಲೇ ‘ಕರಿಮೆಣಸಿಗೆ ಈಗ ರೇಟು ಎಷ್ಟುಂಟು?’ ಎಂಬ ಮಾತು. ಈ ಒಂದೊಂದೂ ಅಂಕಿಯನ್ನು ಮೇಲಕ್ಕೆ ತಳ್ಳುತ್ತದೆ: ಏರು ಹತ್ತಿದ್ದು, ಕಾಫಿ, ಆಸರೆಯಿಲ್ಲದ ಬೆನ್ನು, ಹೃದಯದ ಮಟ್ಟಕ್ಕಿಂತ ಕೆಳಗಿರುವ ತೋಳು, ಮಾತು. ಬಯಲಿನ ಉಪಕೇಂದ್ರದಲ್ಲಿ ಕುರ್ಚಿಯ ಮೇಲೆ ಕೂರಿಸಿ ಅಳೆದ ಅಂಕಿಯ ಪಕ್ಕ ಇದನ್ನಿಟ್ಟು ಹೋಲಿಸಿದರೆ ಸಿಗುವುದು ಕುರ್ಚಿಗೂ ಜಗಲಿಗೂ ಇರುವ ವ್ಯತ್ಯಾಸ.

ಹಾಗಾಗಿ ಅಳೆಯುವ ಕ್ರಮವನ್ನು ಎರಡೂ ಕಡೆ ಒಂದೇ ಮಾಡಬೇಕು. ಅಳತೆ ಮೊದಲು, ಕಾಫಿ ಆಮೇಲೆ. ಆಗಲೇ ಕುಡಿದಿದ್ದರೆ ಅರ್ಧ ಗಂಟೆ ಕಾಯಬೇಕು. ಆ ಹೊತ್ತಿನಲ್ಲಿ ಫಾರಂ ತುಂಬಬಹುದು. ಬೀಡಿ-ಸಿಗರೇಟಿಗೂ ಅಷ್ಟೇ ಕಾಯುವಿಕೆ. ಮೂತ್ರಕ್ಕೆ ಹೋಗಿ ಬರಲು ಹೇಳಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಬೇಕು. ಪಾದ ನೆಲದ ಮೇಲೆ, ತೋಳು ಮೇಜಿನ ಮೇಲೆ, ತೋಳು ಬರಿದು. ತೋಳಿನ ಸುತ್ತಳತೆ 32 ಸೆಂ.ಮೀ. ದಾಟಿದ್ದರೆ ದೊಡ್ಡ ಪಟ್ಟಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ಮೂರು ಸಲ ಅಳೆದು, ಮೊದಲನೆಯದನ್ನು ಬಿಟ್ಟು, ಕೊನೆಯ ಎರಡರ ಸರಾಸರಿ ತೆಗೆಯಬೇಕು. ಒಂದು ಸುತ್ತಿನಲ್ಲಿ ಒಂದೇ ಸಲ, ಇನ್ನೊಂದರಲ್ಲಿ ಮೂರು ಸಲ ಅಳೆದಿದ್ದರೆ ಎರಡನೇ ಸುತ್ತಿನಲ್ಲಿ ಬಿಪಿ ‘ಇಳಿಯುತ್ತದೆ’. ಮೊದಲ ಅಳತೆ ಸಾಮಾನ್ಯವಾಗಿ ಹೆಚ್ಚೇ ಇರುವುದು ಅದಕ್ಕೆ ಕಾರಣ.

ನಮ್ಮ ಪ್ರಕರಣದಲ್ಲಿ ಗುಡ್ಡದ ಮೊದಲ ಸುತ್ತು ಜನವರಿಯಲ್ಲಿ, ಮುಳ್ಳು ತಿರುಗುವ ಯಂತ್ರದಲ್ಲಿ ನಡೆಯಿತು. ಎರಡನೆಯದು ಏಪ್ರಿಲಿನಲ್ಲಿ, ಡಿಜಿಟಲ್ ಯಂತ್ರದಲ್ಲಿ. ಚಳಿಯಲ್ಲಿ ರಕ್ತನಾಳ ಬಿಗಿದು ಬಿಪಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಜನವರಿಯ ಗುಡ್ಡದ ಬೆಳಿಗ್ಗೆಗೂ ಏಪ್ರಿಲಿಗೂ ಹಲವು ಮಿ.ಮೀ. ಅಂತರ ಇರಬಹುದು. ಏಪ್ರಿಲಿನಲ್ಲಿ ಅಂಕಿ ಇಳಿಯಬೇಕಿತ್ತು, ಇಳಿದಿಲ್ಲ. ಅಂದರೆ ‘ಗುಡ್ಡದಲ್ಲಿ ಬದಲಾವಣೆ ಇಲ್ಲ’ ಎಂಬ ನಮ್ಮ ಸಮಾಧಾನದ ಅಡಿಯಲ್ಲಿ ಒಂದು ನಿಜವಾದ ಏರಿಕೆ ಅಡಗಿರಬಹುದು. ಹಳೆಯ ಯಂತ್ರದ ದಾಖಲೆ ತೆಗೆದು ನೋಡಿದರೆ ಇನ್ನೊಂದು ತೊಡಕು: ಅಂಕಿಗಳ ಕೊನೆಯಲ್ಲಿ ಸೊನ್ನೆಯೇ ಸೊನ್ನೆ, 120/80, 130/80, 140/90. ಸರಿಯಾಗಿ ಓದಿ ಬರೆದಿದ್ದರೆ ಸೊನ್ನೆ ಐದರಲ್ಲಿ ಒಂದು ಸಲ ಬರಬೇಕು, ಏಕೆಂದರೆ ಮುಳ್ಳಿನ ಯಂತ್ರದ ಗೆರೆಗಳು ಎರಡೆರಡರ ಅಂತರದವು. ಅರ್ಧಕ್ಕಿಂತ ಹೆಚ್ಚು ಸೊನ್ನೆ ಇದ್ದರೆ 140ರ ಗಡಿಯ ಆಚೀಚೆ ಇದ್ದವರನ್ನು ಅಂದಾಜಿನಲ್ಲಿ ಹಂಚಲಾಗಿದೆ ಎಂದೇ ಅರ್ಥ. ಇಂಥ ಸುತ್ತನ್ನು ತಿದ್ದಲು ಬರುವುದಿಲ್ಲ. ಅದರ ಪಕ್ಕ ಈ ದೋಷವನ್ನು ಬರೆದಿಡಬೇಕು, ಅಷ್ಟೇ.

ಯಂತ್ರ ಬದಲಿಸುವುದಿದ್ದರೆ ಹಳೆಯದನ್ನು ಗುಜರಿಗೆ ಹಾಕುವ ಮೊದಲು 60 ಜನರನ್ನು ಎರಡರಲ್ಲೂ ಅಳೆದು ಅಂತರ ಬರೆದಿಟ್ಟುಕೊಳ್ಳಿ. ಅರ್ಧ ದಿನದ ಕೆಲಸ, ಐದು ವರ್ಷದ ಹೋಲಿಕೆಯನ್ನು ಉಳಿಸುತ್ತದೆ.

ಹತೋಟಿ ಇಳಿದದ್ದು, ಅಥವಾ ರಸ್ತೆ

ಹತೋಟಿ ಎಂದರೆ ಆ ಮೂರು ತಿಂಗಳಲ್ಲಿ ಕೇಂದ್ರಕ್ಕೆ ಬಂದು, ಕೊನೆಯ ಭೇಟಿಯಲ್ಲಿ 140/90ಕ್ಕಿಂತ ಕಡಿಮೆ ಇದ್ದವರು. ಬಾರದವರನ್ನು ಹತೋಟಿ ತಪ್ಪಿದವರ ಜೊತೆ ಸೇರಿಸುತ್ತೇವೆ. ಏಪ್ರಿಲ್–ಜೂನ್‌ನಲ್ಲಿ 820ರಲ್ಲಿ 510 ಜನ ಬಂದರು, 330 ಜನರ ಬಿಪಿ ಹತೋಟಿಯಲ್ಲಿತ್ತು: ಶೇ. 40. ಜುಲೈ–ಸೆಪ್ಟೆಂಬರಿನಲ್ಲಿ ಬಂದವರು 340, ಹತೋಟಿಯಲ್ಲಿದ್ದವರು 225: ಶೇ. 27. ಬಂದವರನ್ನಷ್ಟೇ ನೋಡಿ: 65, ಆಮೇಲೆ 66. ಬಿಪಿ ಕೆಟ್ಟಿಲ್ಲ. ಮಳೆ ಬಂದಿದೆ, ಮರ ಬಿದ್ದಿದೆ, ಬಸ್ಸು ನಿಂತಿದೆ. ಭಾಗಮಂಡಲದಲ್ಲಿ ನೀರು ಏರಿದ ವಾರ ಮಾತ್ರೆಗೆಂದು ಯಾರು ಹೊರಡುತ್ತಾರೆ?

ಎರಡೂ ಅಂಕಿಗಳನ್ನು ಒಟ್ಟಿಗೇ ಕೊಡಬೇಕು. ಮೊದಲನೆಯದು ವ್ಯವಸ್ಥೆಯ ಸ್ಥಿತಿ, ಎರಡನೆಯದು ಔಷಧದ ಪರಿಣಾಮ. ಹೋಲಿಸುವಾಗ ಮಳೆಗಾಲವನ್ನು ಹಿಂದಿನ ವರ್ಷದ ಮಳೆಗಾಲದ ಜೊತೆಗೇ ಹೋಲಿಸಬೇಕು. ಹಾಗೆಂದು ಮಾತ್ರೆಯಿಲ್ಲದೆ ಕಳೆದ ತಿಂಗಳು ಲೆಕ್ಕಕ್ಕಿಲ್ಲ ಎಂದಲ್ಲ. ಆಮ್ಲೊಡಿಪಿನ್ ನಿಲ್ಲಿಸಿದ ಮೇಲೆ ಬಿಪಿ ದಿನ ಕಳೆದಂತೆ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಗುಡ್ಡದಲ್ಲಿ ನಿಜವಾಗಿ ಕೆಲಸ ಆಗಬೇಕಿರುವುದು ಇಲ್ಲೇ ಎಂದು ನಮಗನ್ನಿಸುತ್ತದೆ, ಇನ್ನೊಂದು ತಪಾಸಣಾ ಶಿಬಿರದಲ್ಲಲ್ಲ.

ತೋಟದ ಕಾರ್ಮಿಕರು ಇರುವ ಲೈನ್ ಮನೆಯವರ ಪ್ರಶ್ನೆ ಬೇರೆ. ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರು ಶಿಬಿರದಲ್ಲಿ ಎಣಿಕೆಯಾಗುತ್ತಾರೆ, ಊರಿನ ಜನಸಂಖ್ಯೆಯ ಪಟ್ಟಿಯಲ್ಲಿರುವುದಿಲ್ಲ. ಪ್ರಮಾಣ ತೆಗೆಯುವ ಭಿನ್ನರಾಶಿಯ ಮೇಲಿನ ಅಂಕಿಯಲ್ಲಿ (ರೋಗಿಗಳು) ಇದ್ದಾರೆ, ಕೆಳಗಿನ ಅಂಕಿಯಲ್ಲಿ (ಒಟ್ಟು ಜನ) ಇಲ್ಲ. ಆರು ತಿಂಗಳಿಗಿಂತ ಹೆಚ್ಚು ಇಲ್ಲೇ ಇದ್ದವರನ್ನು ನಿವಾಸಿಗಳೆಂದು, ಉಳಿದವರನ್ನು ಪ್ರತ್ಯೇಕ ಪುಟದಲ್ಲಿ ಬರೆಯಬೇಕು. ಯರವ, ಜೇನುಕುರುಬ ಆದಿವಾಸಿಗಳ ಹಾಡಿಗಳದ್ದು ಇದಕ್ಕೆ ತಿರುಗುಮುರುಗು: ಅವರು ಇಲ್ಲಿಯವರೇ, ಆದರೆ ಹಗಲು ಶಿಬಿರ ಮಾಡಿದರೆ ತೋಟದ ಕೆಲಸ ಬಿಟ್ಟು ಬರಲಾರರು. ಒಂದು ದಿನದ ಕೂಲಿ ಹೋಗುತ್ತದೆ. ಸಂಜೆ ಐದರ ಮೇಲೆ ಹಾಡಿಗೇ ಹೋಗಬೇಕು.

ಸಾವು ಎಲ್ಲಿ ದಾಖಲಾಗುತ್ತದೆ

36 ಇದ್ದ ಸಾವು 45 ಆಯಿತು, ಅಂದರೆ ಶೇ. 25 ಏರಿಕೆ. ಸಣ್ಣ ಸಂಖ್ಯೆಗಳಲ್ಲಿ ಶೇಕಡಾವಾರು ಹೇಳುವುದೇ ಮೋಸ. ಇಂಥ ಎಣಿಕೆಗೆ ಒಂದು ಒರಟು ಪರೀಕ್ಷೆ ಇದೆ: ಎರಡೂ ಅಂಕಿಯನ್ನು ಕೂಡಿಸಿ ವರ್ಗಮೂಲ ತೆಗೆಯಿರಿ. 36ಕ್ಕೆ 45 ಸೇರಿಸಿದರೆ 81, ಅದರ ವರ್ಗಮೂಲ 9. ಅಂತರ ಇದರ ಎರಡರಷ್ಟು, ಅಂದರೆ 18 ದಾಟಿದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಕು. ಇಲ್ಲಿ ಅಂತರ 9. ಮೂರು ಮೂರು ವರ್ಷಗಳನ್ನು ಒಟ್ಟುಮಾಡಿ ನೋಡುವುದು ಇದಕ್ಕಿಂತ ಭದ್ರ.

ಇನ್ನೂ ದೊಡ್ಡ ತೊಡಕು ಭೂಗೋಳದ್ದು. ನಮ್ಮಲ್ಲಿ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಜಾಗದಲ್ಲಿ, ವಾಸದ ಊರಿನಲ್ಲಲ್ಲ. ಎದೆನೋವು ಬಂದ ನಾಪೋಕ್ಲಿನವರನ್ನು ಮೈಸೂರಿಗೆ ಕರೆದೊಯ್ದು ಅಲ್ಲಿ ತೀರಿಕೊಂಡರೆ ಆ ಸಾವು ಮೈಸೂರಿನ ಲೆಕ್ಕಕ್ಕೆ. ಮಂಗಳೂರಿಗೆ ಒಯ್ದರೆ ದಕ್ಷಿಣ ಕನ್ನಡದ ಲೆಕ್ಕಕ್ಕೆ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೆಚ್ಚು ಜನರಿಗೆ ಚಿಕಿತ್ಸೆ ಸಿಗತೊಡಗಿದರೆ, ಬದುಕುಳಿದವರ ಸಂಖ್ಯೆ ಹೆಚ್ಚಿದರೂ ಕೊಡಗಿನಲ್ಲಿ ದಾಖಲಾಗುವ ಸಾವು ಏರಬಹುದು, ಏಕೆಂದರೆ ಮೊದಲು ಹೊರಗೆ ಎಣಿಕೆಯಾಗುತ್ತಿದ್ದದ್ದು ಈಗ ಇಲ್ಲೇ ಆಗುತ್ತದೆ. ಮರಣ ವರದಿಯ ಎರಡನೇ ನಮೂನೆಯ ಅಂಕಿಅಂಶದ ಭಾಗದಲ್ಲಿ ಮೃತರ ವಾಸದ ಊರು ಇರುತ್ತದೆ. ಅಕ್ಕಪಕ್ಕದ ಜಿಲ್ಲೆಗಳ ದಾಖಲೆಯಿಂದ ಕೊಡಗಿನ ವಿಳಾಸದವರನ್ನು ಹೆಕ್ಕಿ ಸೇರಿಸದೆ ಮರಣ ಪ್ರಮಾಣ ಬರೆಯಬಾರದು. ಕೇರಳದಲ್ಲಿ ತೀರಿಕೊಂಡವರು ರಾಜ್ಯದ ಜನನ-ಮರಣ ನೋಂದಣಿಯ ಇ-ಜನ್ಮ ತಂತ್ರಾಂಶದಲ್ಲಿ ಸಿಗುವುದಿಲ್ಲ, ಅದನ್ನು ಮನೆಯವರನ್ನು ಕೇಳಿಯೇ ತಿಳಿಯಬೇಕು.

ಮನೆಯಲ್ಲಿ ತೀರಿಕೊಂಡವರ ಕಾರಣ ಇನ್ನೂ ಅಸ್ಪಷ್ಟ. ರಾತ್ರಿ ಮಲಗಿದವರು ಬೆಳಿಗ್ಗೆ ಏಳದಿದ್ದರೆ ‘ಹಾರ್ಟ್ ಅಟ್ಯಾಕ್’ ಎಂದೇ ಎಲ್ಲರ ಬಾಯಲ್ಲಿ. ಆಸ್ಪತ್ರೆಯ ಪ್ರಮಾಣಪತ್ರದಲ್ಲೂ ‘ಹೃದಯ ಸ್ತಂಭನ’ ಎಂದಷ್ಟೇ ಇದ್ದರೆ ಅದು ಕಾರಣವಲ್ಲ, ಸಾವಿನ ವರ್ಣನೆ. ಎಲ್ಲ ಸಾವಿನಲ್ಲೂ ಹೃದಯ ನಿಲ್ಲುತ್ತದೆ. ಇಂಥವನ್ನು ಬೇರೆ ಎಣಿಸಿ, ಮನೆಯವರನ್ನು ಭೇಟಿ ಮಾಡಿ ಲಕ್ಷಣಗಳನ್ನು ಕೇಳಬೇಕು. ಸೂತಕ ಕಳೆಯುವ ಮುಂಚೆ ಹೋಗಬಾರದು, ವರ್ಷ ಕಳೆಯುವವರೆಗೆ ಬಿಡಲೂಬಾರದು, ನೆನಪು ಮಸುಕಾಗುತ್ತದೆ.

ಹಳೆಯ ಅಂಕಿಗಳ ಜೊತೆ ಜೋಡಿಸುವಾಗ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪುಟಗಳನ್ನು ಪಕ್ಕಪಕ್ಕ ಇಟ್ಟು ಬಿಪಿ ಎರಡರಷ್ಟಾಗಿದೆ ಎಂದು ಬರೆಯುವುದು ಸಾಮಾನ್ಯ ತಪ್ಪು. 2015–16ರ ನಾಲ್ಕನೇ ಸುತ್ತಿನ ಪುಟ ಹೆಂಗಸರಲ್ಲಿ 15–49 ವಯಸ್ಸಿನವರದ್ದು. 2019–21ರ ಐದನೆಯದು 15 ದಾಟಿದ ಎಲ್ಲರದ್ದು, ಮಾತ್ರೆ ತೆಗೆದುಕೊಳ್ಳುತ್ತಿರುವವರೂ ಅದರಲ್ಲಿ ಸೇರಿದ್ದಾರೆ. ಅಂಕಿ ಏರದೆ ಇನ್ನೇನಾಗುತ್ತದೆ? ತಾಲ್ಲೂಕುಗಳದ್ದೂ ಅದೇ ಕಥೆ. 2011ರ ಜನಗಣತಿಯ ಹೊತ್ತಿಗೆ ಮೂರು ತಾಲ್ಲೂಕು, ಈಗ ಪೊನ್ನಂಪೇಟೆ, ಕುಶಾಲನಗರ ಸೇರಿ ಐದು. ಹಳೆಯ ಸೋಮವಾರಪೇಟೆಯನ್ನು ಈಗಿನ ಸೋಮವಾರಪೇಟೆಯ ಜೊತೆ ಹೋಲಿಸಲಾಗದು. ಗ್ರಾಮದ ಕೋಡ್ ಹಿಡಿದು ಹಳೆಯ ಗಡಿಯನ್ನು ಮತ್ತೆ ಕಟ್ಟಬೇಕು. 2021ರ ಜನಗಣತಿ ನಡೆಯದೇ ಹೋದದ್ದರಿಂದ ಎಲ್ಲ ಪ್ರಮಾಣಗಳ ಕೆಳಗಿನ ಅಂಕಿಯೂ ಹಳತೇ.

ಉಪ್ಪಿನ ಲೆಕ್ಕದ ಬಗ್ಗೆ ಒಂದು ಮಾತು. ‘ತಿಂಗಳಿಗೆ ಎಷ್ಟು ಪ್ಯಾಕೆಟ್?’ ಎಂದು ಕೇಳಿ ತಲೆಗೆ ಭಾಗಿಸುವುದು ರೂಢಿ. ಒಂದು ಕೆ.ಜಿ. ನಾಲ್ಕು ಜನಕ್ಕೆ 25 ದಿನ ಬಂದರೆ ದಿನಕ್ಕೆ ತಲಾ 10 ಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ 5 ಗ್ರಾಂಗೆ ಎರಡರಷ್ಟು. ಕೊಡಗಿನ ಮಳೆಗಾಲದಲ್ಲಿ ಈ ಪ್ರಶ್ನೆ ಕೈಕೊಡುತ್ತದೆ. ಜಿಗಣೆಗೆ ಕಾಲಿಗೆ ಹಚ್ಚುವ ಉಪ್ಪು, ದನಕ್ಕೆ ಹಾಕುವ ಉಪ್ಪು, ಕಣಿಲೆ (ಎಳೆ ಬಿದಿರು) ನೆನೆಹಾಕುವ ಉಪ್ಪು ಎಲ್ಲವೂ ಅದೇ ಡಬ್ಬಿಯಿಂದ ಹೋಗುತ್ತದೆ. ಒಣಮೀನು, ಉಪ್ಪಿನಕಾಯಿಯ ಮೂಲಕ ಹೊಟ್ಟೆಗೆ ಹೋಗುವ ಉಪ್ಪು ಡಬ್ಬಿಯಲ್ಲಿ ಇರುವುದೇ ಇಲ್ಲ. ಮದ್ಯದ ಪ್ರಶ್ನೆಗೂ ಹೀಗೆಯೇ: ಮದುವೆ-ಹಬ್ಬದಲ್ಲಿ ಮದ್ಯ ಇಡುವುದು ಮುಚ್ಚಿಡುವ ವಿಷಯವಲ್ಲದ ಮನೆಯಲ್ಲಿ ನಿಜವಾದ ಉತ್ತರ ಸಿಗುತ್ತದೆ, ಮುಚ್ಚಿಡುವ ಊರಿನಲ್ಲಿ ಸಿಗುವುದಿಲ್ಲ. ಎರಡು ಊರಿನ ಉತ್ತರಗಳ ಅಂತರವನ್ನು ಕುಡಿತದ ಅಂತರ ಎಂದು ಓದಬಾರದು.

ವರದಿಯಲ್ಲಿ ಬರೆದದ್ದು

ಗುಡ್ಡದಲ್ಲಿ ವಯಸ್ಸು ಹೊಂದಿಸಿದ ಬಿಪಿ ಪ್ರಮಾಣ ಬದಲಾಗಿಲ್ಲ, ಆದರೆ ತಿಂಗಳು ಮತ್ತು ಯಂತ್ರ ಬೇರೆಯಾದ್ದರಿಂದ ಇದನ್ನು ಖಚಿತ ಎನ್ನಲಾಗದು. ಬಯಲಿನಲ್ಲಿ 45–59ರವರಲ್ಲಿ ಏರಿಕೆಯ ಸೂಚನೆ ಇದೆ, ದೊಡ್ಡ ಮಾದರಿ ಬೇಕು. ಗುಡ್ಡದಲ್ಲಿ ಮಳೆಗಾಲದ ಭೇಟಿಗಳು ಮೂರನೇ ಒಂದರಷ್ಟು ಕುಸಿಯುತ್ತವೆ. ಇದು ಮಾತ್ರ ಖಚಿತ. ಮರಣದ ಅಂಕಿಯನ್ನು ಈ ವರದಿಯಿಂದ ಕೈಬಿಡಲಾಗಿದೆ.

ಮುಂದಿನ ಸುತ್ತಿಗೆ ತಿಂಗಳು ಆರಿಸುವುದು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಡಿಸೆಂಬರಿನಿಂದ ಮಾರ್ಚ್ ಜೋರು ಕುಯ್ಲು ಮತ್ತು ಚಳಿ, ಏಪ್ರಿಲ್-ಮೇ ಮದುವೆಗಳ ಕಾಲ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಮುಗಿದ ಮೇಲೆ, ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿಗೆ ಮುಂಚಿನ ಮೂರ್ನಾಲ್ಕು ವಾರ ಮಾತ್ರ ಎರಡೂ ಕಡೆ ಜನ ಮನೆಯಲ್ಲಿ ಸಿಗುತ್ತಾರೆ. ಎರಡೂ ಕಡೆಗೆ ಅದೇ ವಾರಗಳು, ಅದೇ ಮಾದರಿಯ ಯಂತ್ರಗಳು. ಒಂದೊಂದು ತಂಡಕ್ಕೆ ಎರಡು ಅಳತೆಯ ಪಟ್ಟಿ, ಬದಲಿ ಬ್ಯಾಟರಿ, ಮಡಚುವ ಕುರ್ಚಿ ಒಂದು. ಅದಕ್ಕೂ ಮುಂಚೆ, ಮೇ ಕೊನೆಯೊಳಗೆ, ಗುಡ್ಡದ 820 ಜನರ ಪಟ್ಟಿಯನ್ನು ಊರುವಾರು ಮಾಡಿ ಆಶಾ ಕೈಗೆ ಕೊಟ್ಟು, ವೈದ್ಯಾಧಿಕಾರಿಯ ಒಪ್ಪಿಗೆಯಂತೆ ಮಳೆಗಾಲಕ್ಕೆ ಸಾಕಾಗುವ ಮಾತ್ರೆ ಮನೆಗೆ ತಲುಪಿಸಬೇಕು. ಜುಲೈ–ಸೆಪ್ಟೆಂಬರಿನ ಫಾರಂನಲ್ಲಿ ‘ಬಂದಿಲ್ಲ’ ಎಂಬ ಕಾಲಂನ ಪಕ್ಕ ‘ಮಾತ್ರೆ ಮನೆಯಲ್ಲಿದೆ’ ಎಂಬ ಇನ್ನೊಂದು ಕಾಲಂ ಸೇರಿಸಲಾಗಿದೆ.